ಐವತ್ತು ಪೌಂಡ್ ಬೋನಸ್, ಐನೂರು ಪೌಂಡ್ ಪಣ

ಪ್ರಶ್ನೆ (ರೆಡಿಂಗ್, ಸಾಫ್ಟ್‌ವೇರ್ ಉದ್ಯೋಗಿ): ನಮಸ್ಕಾರ ಸರ್. ನೀವು ಇಲ್ಲಿ ಇಂಗ್ಲೆಂಡಿನಲ್ಲಿ ಆನ್‌ಲೈನ್ ಕ್ಯಾಸಿನೊ ಕಂಪನಿಯೊಂದರ ಪಾವತಿ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು ಎಂದು ಗುಂಪಿನಲ್ಲಿ ಓದಿದೆ. ಶನಿವಾರ ರಾತ್ರಿ 20 ಪೌಂಡ್ ಇಟ್ಟುಕೊಂಡು ರೂಲೆಟ್ ಆಡುವುದು ನನ್ನ ಅಭ್ಯಾಸ, ಅದಕ್ಕಿಂತ ಹೆಚ್ಚಿಲ್ಲ. ಈಗ ಒಂದು ತಾಣ, 50 ಪೌಂಡ್ ಜಮೆ ಮಾಡಿದರೆ ಇನ್ನೂ 50 ಬೋನಸ್ ಕೊಡುತ್ತೇವೆ ಎನ್ನುತ್ತಿದೆ. ಪಾವತಿಗೆ ಡೆಬಿಟ್ ಕಾರ್ಡ್, ಪೇಪಾಲ್, ಸ್ಕ್ರಿಲ್, ಆಪಲ್ ಪೇ ಎಲ್ಲ ಇವೆ. ಯಾವುದನ್ನು ಆರಿಸಲಿ? ಬೋನಸ್ ತೆಗೆದುಕೊಳ್ಳಲೇ?

ಉತ್ತರ: ನಮಸ್ಕಾರ. ಬೋನಸ್ಸಿನಿಂದಲೇ ಶುರು ಮಾಡೋಣ. ಕಂಪನಿಯವರೂ ಅಲ್ಲಿಂದಲೇ ಶುರು ಮಾಡುವುದು.

ಬೋನಸ್ಸಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಹತ್ತು ಪಟ್ಟು' ಎಂದಿರುತ್ತದೆ. ಆ 50 ಪೌಂಡ್ ನಿಮ್ಮದಾಗಬೇಕಾದರೆ ಒಟ್ಟು 500 ಪೌಂಡ್ ಪಣ ಕಟ್ಟಿರಬೇಕು ಎಂದು ಅದರರ್ಥ. ಜೇಬಿನಿಂದ 500 ಹಾಕಬೇಕೆಂದಲ್ಲ; ಇರುವ ಹಣವೇ ಸೋತು ಗೆದ್ದು ಸುತ್ತಿ ಸುತ್ತಿ ಅಷ್ಟಾಗಬೇಕು. ಗುಂಡಿ ಒತ್ತಿದರೆ ಚಿತ್ರಗಳು ತಿರುಗುವ ಸ್ಲಾಟ್ ಆಟದ ವಿವರ ಪುಟದಲ್ಲಿ ಆಟಗಾರನಿಗೆ ಮರಳುವ ಪಾಲು ಶೇ 96 ಎಂದಿದ್ದರೆ, 500 ಪೌಂಡ್ ಪಣದಲ್ಲಿ ಉಳಿದ ಶೇ 4, ಅಂದರೆ ಸರಾಸರಿ 20 ಪೌಂಡ್ ಅವರ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿಗೆ ನಿಮ್ಮ 50ರ ಬೋನಸ್ಸಿನ ನಿಜವಾದ ಬೆಲೆ ಸುಮಾರು 30. ಅದೂ ಸರಾಸರಿಯ ಮಾತು. ಷರತ್ತು ಮುಗಿಯುವ ಮೊದಲೇ ಎಲ್ಲವೂ ಖಾಲಿಯಾಗುವವರು ಬೇಕಾದಷ್ಟು ಮಂದಿ.

ನಾನು ಕೆಲಸದಲ್ಲಿದ್ದಾಗ 35, 40 ಪಟ್ಟು ಮಾಮೂಲಾಗಿತ್ತು. 40 ಪಟ್ಟೆಂದರೆ 2,000 ಪೌಂಡ್ ಪಣ, ಸರಾಸರಿ 80 ಪೌಂಡ್ ನಷ್ಟ. ಐವತ್ತು ಕೊಟ್ಟು ಎಂಬತ್ತು ಕಿತ್ತುಕೊಳ್ಳುವ ಉಡುಗೊರೆ ಅದು. 2026ರ ಜನವರಿ 19ರಿಂದ ಇಲ್ಲಿ ಜೂಜಿನ ಮೇಲುಸ್ತುವಾರಿ ನೋಡುವ ಗ್ಯಾಂಬ್ಲಿಂಗ್ ಕಮಿಷನ್ ಹತ್ತು ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ ಎಂದು ಕಟ್ಟುಮಾಡಿದೆ. ಹಾಗಾಗಿ ಈಗಲೂ 40 ಪಟ್ಟು ಎನ್ನುವ ತಾಣ ಕಂಡರೆ ಅದಕ್ಕೆ ಬ್ರಿಟನ್ನಿನ ಪರವಾನಗಿ ಇದೆಯೇ ಎಂದೇ ಅನುಮಾನಿಸಿ. ಪುಟದ ಬುಡದಲ್ಲಿ ಪರವಾನಗಿ ಸಂಖ್ಯೆ ಇರಬೇಕು, ಕಮಿಷನ್ನಿನ ಸಾರ್ವಜನಿಕ ಪಟ್ಟಿಯಲ್ಲಿ ಅದು ಸಿಗಬೇಕು. ಕ್ರಿಪ್ಟೊದಲ್ಲಿ ಮಾತ್ರ ಹಣ ಕೇಳುವ ತಾಣವಾದರೆ ಅಷ್ಟು ದೂರ ಹೋಗುವ ಶ್ರಮವೂ ಬೇಡ.

ಈಗ ನಿಮ್ಮ ವಿಷಯ. ನೀವು ಆಡುವುದು ರೂಲೆಟ್. ನಾನು ಕೆಲಸದಲ್ಲಿದ್ದಾಗ ಬಹಳಷ್ಟು ಬೋನಸ್ ನಿಯಮಗಳಲ್ಲಿ ಸ್ಲಾಟ್ ಪಣ ಪೂರ್ತಿ ಲೆಕ್ಕಕ್ಕೆ ಬಂದರೆ ರೂಲೆಟ್ ಪಣ ಹತ್ತರಲ್ಲಿ ಒಂದು ಪಾಲು ಮಾತ್ರ ಬರುತ್ತಿತ್ತು, ಕೆಲವೆಡೆ ಬರುತ್ತಲೇ ಇರಲಿಲ್ಲ. ಈಗಲೂ ಹಾಗೆ ಹತ್ತರಲ್ಲಿ ಒಂದು ಪಾಲು ಎಣಿಸುವ ತಾಣವಾದರೆ, ಆ 500 ಲೆಕ್ಕಕ್ಕೆ ಬರಲು ನೀವು 5,000 ಪೌಂಡ್ ಪಣ ಕಟ್ಟಬೇಕಾಗುತ್ತದೆ. ಚಕ್ರದಲ್ಲಿ ಒಂದೇ ಸೊನ್ನೆ ಇರುವ ರೂಲೆಟ್‌ನಲ್ಲಿ ಕ್ಯಾಸಿನೊದ ಪಾಲು ಶೇ 2.7; ಅಂದರೆ ಸರಾಸರಿ 135 ಪೌಂಡ್ ನಷ್ಟ, 50 ಪೌಂಡ್ ಬೋನಸ್ಸಿಗಾಗಿ! ಜೊತೆಗೆ ಇಷ್ಟು ದಿನದೊಳಗೆ ಮುಗಿಸಬೇಕು, ಒಂದು ಸಲಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಕಟ್ಟಬಾರದು ಎಂಬ ಬಾಲಗಳೂ ಇರುತ್ತವೆ. ಇಪ್ಪತ್ತು ಪೌಂಡಿನ ಮನುಷ್ಯನನ್ನು ಐವತ್ತಕ್ಕೆ ಏರಿಸುವುದೇ ಆ ಜಾಹೀರಾತಿನ ಉದ್ದೇಶ. ನನ್ನ ಕೇಳಿದರೆ, ಬೇಡ.

ಪಾವತಿಯ ಬಗ್ಗೆ: ಹಣ ಹೇಗೆ ಒಳಗೆ ಹೋಗುತ್ತದೆ ಎಂದು ಎಲ್ಲರೂ ನೋಡುತ್ತಾರೆ, ಹೇಗೆ ಹೊರಗೆ ಬರುತ್ತದೆ ಎಂದು ನೋಡುವವರು ಕಡಿಮೆ. ಕಪ್ಪುಹಣ ತಡೆಯ ಕಾರಣಕ್ಕೆ ಸಾಮಾನ್ಯವಾಗಿ ಬಂದ ದಾರಿಯಲ್ಲೇ ಹಣ ವಾಪಸು ಕಳುಹಿಸುತ್ತಾರೆ. ಕ್ರೆಡಿಟ್ ಕಾರ್ಡ್‌ನ ಮಾತೇ ಇಲ್ಲ. 2020ರ ಏಪ್ರಿಲ್ 14ರಿಂದ ಇಲ್ಲಿ ಅದಕ್ಕೆ ನಿಷೇಧವಿದೆ, ಪೇಪಾಲ್‌ನಂಥ ವ್ಯಾಲೆಟ್ ಮೂಲಕ ಸುತ್ತುಬಳಸಿ ಬಂದರೂ ಸಲ್ಲದು. ಸ್ಕ್ರಿಲ್, ನೆಟೆಲರ್ ಎಂಬ ವ್ಯಾಲೆಟ್‌ಗಳಿಂದ ಹಾಕಿದ ಜಮೆಗೆ ಹಲವು ತಾಣಗಳು ಬೋನಸ್ಸನ್ನೇ ಕೊಡುವುದಿಲ್ಲ. ಆಪಲ್ ಪೇ ಸುಲಭ, ಅದೇ ಅದರ ದೋಷ. ಅರ್ಧರಾತ್ರಿಯಲ್ಲಿ ಸೋತ ಸಿಟ್ಟಿಗೆ ಒಮ್ಮೆ ಫೋನಿಗೆ ಮುಖ ತೋರಿಸಿದರೆ ಇನ್ನೂ ಇಪ್ಪತ್ತು ಹೋಯಿತು. ಸಂಬಳದ ಖಾತೆ ಬಿಟ್ಟು ಬೇರೊಂದು ಖಾತೆಯಲ್ಲಿ ತಿಂಗಳಿಗೆ ನಿಗದಿಯಾದ ಮೊತ್ತ ಇಡಿ. ಅದರ ಡೆಬಿಟ್ ಕಾರ್ಡನ್ನು ತಾಣದಲ್ಲಿ ಉಳಿಸಿಡದೆ ಪ್ರತಿ ಸಲ ಹದಿನಾರು ಅಂಕಿಯನ್ನೂ ಕೈಯಾರೆ ಒತ್ತಿ. ಆ ಒಂದು ನಿಮಿಷದಲ್ಲಿ ಎಷ್ಟೋ ಮಂದಿಗೆ ನಿದ್ದೆ ಬಂದಿದೆ.

ಪ್ರಶ್ನೆ (ಅವರೇ): ಮನೆ ಸಾಲಕ್ಕೆ ಅರ್ಜಿ ಹಾಕುವವನಿದ್ದೇನೆ. ವ್ಯಾಲೆಟ್ ಬಳಸಿದರೆ ಸ್ಟೇಟ್‌ಮೆಂಟಿನಲ್ಲಿ ಕ್ಯಾಸಿನೊ ಹೆಸರು ಕಾಣುವುದಿಲ್ಲವಲ್ಲ?

ಉತ್ತರ: ವ್ಯಾಲೆಟ್ ಹೆಸರು ಕಾಣುತ್ತದೆ, ಅದೇನೆಂದು ಸಾಲ ಕೊಡುವವರಿಗೂ ಗೊತ್ತು. ಮುಚ್ಚಿಟ್ಟಂತೆ ಕಾಣುವುದಕ್ಕಿಂತ ಶನಿವಾರಕ್ಕೊಮ್ಮೆ 20 ಪೌಂಡ್ ಎಂದು ಬರೆದಿರುವುದು ವಾಸಿ. ಅರ್ಜಿ ಮುಗಿಯುವವರೆಗೆ ಆಡದೇ ಇದ್ದರೆ ಇನ್ನೂ ವಾಸಿ.

ಪ್ರಶ್ನೆ (ಲೆಸ್ಟರ್, ನರ್ಸ್): ಸರ್, ನಾನು 340 ಪೌಂಡ್ ಗೆದ್ದೆ. ಹಣ ಕೇಳಿದರೆ ದಾಖಲೆಗಳಲ್ಲಿ ಹೆಸರು ಹೊಂದುತ್ತಿಲ್ಲ ಎನ್ನುತ್ತಿದ್ದಾರೆ. ಜಮೆ ಮಾಡಿದ್ದು ನಮ್ಮ ಯಜಮಾನರ ಕಾರ್ಡಿನಿಂದ.

ಉತ್ತರ: ಮೇಡಂ, ಕಾರ್ಡ್ ನಿಮ್ಮ ಹೆಸರಿನಲ್ಲೇ ಇರಬೇಕಿತ್ತು, ಗಂಡನದಾದರೂ ಸಲ್ಲದು. ನಡೆದದ್ದನ್ನು ಇದ್ದಂತೆ ಬರೆದು, ಇಬ್ಬರ ಗುರುತಿನ ದಾಖಲೆಯನ್ನೂ ಕೊಡಿ. ಸುಳ್ಳು ವಿವರಣೆ ಸೇರಿಸಿದರೆ ಕೆಲಸ ಕೆಡುತ್ತದೆ. ಎಂಟು ವಾರವಾದರೂ ದೂರು ಬಗೆಹರಿಯದಿದ್ದರೆ ಐಬಾಸ್‌ನಂಥ ಸ್ವತಂತ್ರ ಮಧ್ಯಸ್ಥರಿಗೆ ಉಚಿತವಾಗಿ ಒಯ್ಯಬಹುದು. ಯಾವ ಮಧ್ಯಸ್ಥರು ಎಂಬುದು ತಾಣದ ನಿಯಮಾವಳಿಯಲ್ಲೇ ಇರುತ್ತದೆ.

ಹೆಸರಿನ ತೊಂದರೆ ನಮ್ಮವರಿಗೆ ಯಾವಾಗಲೂ ಇದ್ದದ್ದೇ. ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿರುತ್ತದೆ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ನೋಂದಣಿ ಮಾಡುವಾಗಲೇ ಪಾಸ್‌ಪೋರ್ಟಿನಲ್ಲಿ ಇರುವಂತೆ ಹಾಕಿ. ಹಣ ಬಂದ ಮೇಲೆ ಅಲ್ಲೇ ಬಿಡಬೇಡಿ. ಕಂಪನಿ ಮುಳುಗಿದರೆ ಆಟಗಾರರ ಹಣಕ್ಕೆ ಎಷ್ಟು ರಕ್ಷಣೆ ಎಂಬುದಕ್ಕೆ 'ಇಲ್ಲ', 'ಮಧ್ಯಮ', 'ಉನ್ನತ' ಎಂದು ಮೂರು ದರ್ಜೆಗಳಿವೆ. ನಿಮ್ಮದು ಯಾವುದೆಂದು ಅವರು ತಿಳಿಸಲೇಬೇಕು. ಬ್ಯಾಂಕ್ ಠೇವಣಿಯ ಭದ್ರತೆ ಅಲ್ಲಿಲ್ಲ.

ಪ್ರಶ್ನೆ (ಸ್ಲೌ): ದಾವಣಗೆರೆಯಲ್ಲಿರುವ ನನ್ನ ತಮ್ಮ ರೂಪಾಯಿ ಕಳುಹಿಸುತ್ತೇನೆ, ನಿನ್ನ ಖಾತೆಯಲ್ಲಿ ನನಗೂ ಆಡಲು ಬಿಡು ಎನ್ನುತ್ತಿದ್ದಾನೆ.

ಉತ್ತರ: ಖಂಡಿತ ಬೇಡ. ಭಾರತದಲ್ಲಿ 2025ರ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವಕ್ಕೆ ಬ್ಯಾಂಕುಗಳು ಪಾವತಿ ನಡೆಸುವುದನ್ನೂ ನಿಷೇಧಿಸಿದೆ. ಇಲ್ಲಿ, ಒಬ್ಬರ ಖಾತೆಯಲ್ಲಿ ಇನ್ನೊಬ್ಬರು ಆಡಿದರೆ ಖಾತೆ ಮುಚ್ಚಿ ಗೆಲುವು ತಡೆಹಿಡಿಯಲು ನಿಯಮಾವಳಿ ಅವರಿಗೆ ಅವಕಾಶ ಕೊಟ್ಟಿರುತ್ತದೆ. ತಮ್ಮನಿಗೆ ಬೇರೆ ಏನಾದರೂ ಕಳುಹಿಸಿ. ಅವನಿಗೆ ಆಟ ಬಿಡಲಾಗದಂತಾಗಿದ್ದರೆ ಆ ಮಾತನ್ನು ಮನೆಯಲ್ಲಿ ಎತ್ತಿ. ಇಲ್ಲಿರುವವರಿಗೆ ಗ್ಯಾಮ್‌ಸ್ಟಾಪ್ ಇದೆ: ಒಮ್ಮೆ ಹೆಸರು ಕೊಟ್ಟರೆ ಪರವಾನಗಿ ಪಡೆದ ಎಲ್ಲ ತಾಣಗಳೂ ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ ಬಾಗಿಲು ಹಾಕುತ್ತವೆ.

ಪ್ರಶ್ನೆ (ರೆಡಿಂಗ್): ಕೊನೆಯದೊಂದು, ಸರ್. ಬೋನಸ್ ಬೇಡ ಎನ್ನುವುದು ಎಲ್ಲಿ?

ಉತ್ತರ: ಜಮೆ ಪುಟದಲ್ಲಿ ಹುಡುಕಿ. 'ಬೇಕು' ಎಂಬುದು ಹಸಿರು ಬಣ್ಣದಲ್ಲಿ ಹೊಳೆಯುತ್ತಿದ್ದರೆ, 'ಬೇಡ' ಎಂಬುದು ಅದರ ಕೆಳಗೆ ಬೂದು ಬಣ್ಣದಲ್ಲಿ ಇರುವ ಸಂಭವ ಹೆಚ್ಚು. ಸಿಗದಿದ್ದರೆ ಹಣ ಹಾಕುವ ಮುಂಚೆಯೇ ಚಾಟ್‌ನಲ್ಲಿ ಬರೆದು ತೆಗೆಸಿ, ಆ ಮಾತುಕತೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.