ಸಹಾಯ ಬೇಕು: ಬೇರಿಂಗ್ ಬದಲಿಸಿದ ಮೇಲೆ ಲಾರಿಯ ಹಿಂದಿನ ಎಡ ಬ್ರೇಕ್ ಬಿಡುತ್ತಿಲ್ಲ

ಆರು ಚಕ್ರದ ಲಾರಿ, ಏರ್ ಬ್ರೇಕ್, ಎಸ್-ಕ್ಯಾಮ್ ಡ್ರಮ್ (ಎಸ್ ಆಕಾರದ ಕ್ಯಾಮ್ ತಿರುಗಿ ಬ್ರೇಕ್ ಶೂಗಳನ್ನು ಡ್ರಮ್‌ಗೆ ಒತ್ತುವ ಬಗೆ). ಹಿಂದಿನ ಎಡ ಹಬ್‌ಗೆ ಒಳ, ಹೊರ ಬೇರಿಂಗ್ ಮತ್ತು ಗ್ರೀಸ್ ಸೀಲ್ ಹೊಸದು ಹಾಕಿದೆ. ಈಗ 10 ಕಿ.ಮೀ. ಓಡಿಸಿದರೆ ಆ ಡ್ರಮ್ ಹತ್ತಿರ ಕೈ ಇಡಲಾಗದಷ್ಟು ಕಾಯುತ್ತದೆ, ಲೈನಿಂಗ್ ಸುಟ್ಟ ವಾಸನೆ ಬೇರೆ. ಬಲಗಡೆಯದು ಬರೀ ಬೆಚ್ಚಗೆ.

ಬೇರೆ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಹಾಕಿ, ಗಾಳಿ 8 ಬಾರ್ ತುಂಬಿಸಿ, ಹ್ಯಾಂಡ್ ಬ್ರೇಕ್ ಬಿಟ್ಟು ನೋಡಿದೆ: ಚಕ್ರ ಅರ್ಧ ಸುತ್ತಿಗೇ ನಿಲ್ಲುತ್ತದೆ. ಸ್ಲ್ಯಾಕ್ ಅಡ್ಜಸ್ಟರ್ (ಕ್ಯಾಮ್ ಶಾಫ್ಟ್ ತಿರುಗಿಸುವ, ಶೂ ಅಂತರ ಹೊಂದಿಸುವ ತೋಳು) ಪೂರ್ತಿ ಸಡಿಲಿಸಿದರೆ ಸಲೀಸಾಗಿ ತಿರುಗುತ್ತದೆ, ಹಾಗಾಗಿ ಬೇರಿಂಗ್ ಬಿಗಿಯಾಗಿಲ್ಲ. ಆ ತೋಳನ್ನು ಬ್ರೇಕ್ ಚೇಂಬರ್ (ಗಾಳಿಯ ಒತ್ತಡದಿಂದ ರಾಡ್ ತಳ್ಳುವ ಡಬ್ಬಿ) ರಾಡ್‌ಗೆ ಸೇರಿಸುವ ಕ್ಲೆವಿಸ್ ಪಿನ್ ತೆಗೆದರೆ ರಾಡ್ ಪಟ್ಟನೆ ಒಳಗೆ ಹೋಗುತ್ತದೆ. ಬ್ರೇಕ್ ಪೆಡಲ್ ಬಿಟ್ಟಾಗ ಚೇಂಬರ್ ಗಾಳಿಯೂ ಸರಿಯಾಗಿಯೇ ಖಾಲಿಯಾಗುತ್ತಿದೆ. ಆದರೆ ಕ್ಯಾಮ್ ಶಾಫ್ಟ್ ಕೈಯಲ್ಲಿ ತಿರುಗಿಸಿದರೆ ಹಿಡಿದುಕೊಳ್ಳುತ್ತದೆ.

ಕ್ಯಾಮ್ ಶಾಫ್ಟ್ ಬುಷ್ ಒಣಗಿದೆಯೋ, ಶೂಗಳನ್ನು ಹಿಂದಕ್ಕೆ ಎಳೆಯುವ ರಿಟರ್ನ್ ಸ್ಪ್ರಿಂಗ್ ಸೋತಿದೆಯೋ? ಡ್ರಮ್ ಮತ್ತೆ ಇಳಿಸದೆ ಇದನ್ನು ಖಚಿತ ಮಾಡಿಕೊಳ್ಳುವುದು ಹೇಗೆ? ನಾಳೆ ಲೋಡ್ ಇದೆ, ಘಾಟಿ ಇಳಿಯಬೇಕು, ಸರಿಯಾಗದೆ ಗಾಡಿ ಎತ್ತುವುದಿಲ್ಲ. ತಿಳಿದವರು ದಯವಿಟ್ಟು ಹೇಳಿ.