ಅಳಿಯನ ಪಿಕ್‌ಅಪ್ ಮತ್ತು ನಮ್ಮ ಹಳೆಯ ಬಿಳಿ ಗಾಡಿ

ತಂಗೀ, ನಿನ್ನ ಸಂದೇಶವನ್ನು ಬೆಳಗ್ಗೆ ಪೂಜೆ ಮುಗಿಸಿ ಬಂದು ಓದಿದೆ. ಅಳಿಯ ತನ್ನ ಹೊಸ ಟೊಯೊಟಾ ಹೈಲಕ್ಸ್ ಪಿಕ್‌ಅಪ್ಪಿಗೆ ಮಂಗಳೂರಿನಲ್ಲಿ ಎಂಜಿನ್ನಿನ ಬಲ ಏರಿಸುವ ಯಾವುದೋ ಟ್ಯೂನಿಂಗ್ ಬಾಕ್ಸ್ ಹಾಕಿಸಲು ಹೊರಟಿದ್ದಾನೆ, ಅದರಿಂದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹಾಳಾಗುತ್ತದೆಯೇ ಎಂದು ಕೇಳಿದ್ದೀಯೆ. ಅದರ ಕೆಳಗೆ ನಾಲ್ಕು ಮಂದಿ ಹೆಬ್ಬೆರಳಿನ ಚಿತ್ರ ಹಾಕಿದ್ದಾರೆಯೇ ಹೊರತು ಒಬ್ಬರೂ ಉತ್ತರ ಕೊಟ್ಟಿಲ್ಲ. ಈ ಫೋನಿನಲ್ಲಿ ಬರೆಯಲು ನನ್ನ ಬೆರಳು ಓಡುವುದಿಲ್ಲ, ಆದ್ದರಿಂದ ಮಾತನಾಡಿಯೇ ಕಳುಹಿಸುತ್ತಿದ್ದೇನೆ. ಉಳಿದವರು ಬೇಕಾದರೆ ಮಧ್ಯಾಹ್ನ ಊಟ ಮಾಡಿ ಮಲಗಿಕೊಂಡು ಕೇಳಲಿ, ಅಳಿಯ ಮಾತ್ರ ಕುಳಿತು ಪೂರ್ತಿ ಕೇಳಬೇಕು.

ಬಿಳಿ ಗಾಡಿಯ ಕಥೆ ನಿಮಗೆಲ್ಲ ಗೊತ್ತಿದೆ ಎಂದು ನೀವು ತಿಳಿದಿದ್ದೀರಿ. ಗೊತ್ತಿರುವುದು ಅರ್ಧ ಮಾತ್ರ, ಅದೂ ದೊಡ್ಡಣ್ಣ ಹೇಳಿದ ಅರ್ಧ. ಎಡಗಾಲಿನ ಮೊಣಕಾಲು ಕೈಕೊಟ್ಟ ಮೇಲೆ ಕ್ಲಚ್ ತುಳಿಯುವುದು ನನ್ನಿಂದಾಗದು ಎಂದು ಆ ಡೀಸೆಲ್ ಆಟೋಮ್ಯಾಟಿಕ್ಕನ್ನು ತೆಗೆದುಕೊಂಡದ್ದು. ಎರಡು ವರ್ಷ ಅದು ಯಾವ ತಕರಾರೂ ಇಲ್ಲದೆ ಓಡಿತು. ಆಮೇಲೆ ನಮ್ಮ ಗೇಟಿನ ಚಡಾವಿನಲ್ಲಿ ಅಡಿಕೆ ಮೂಟೆ ಹೇರಿಕೊಂಡು ಹತ್ತುವಾಗ ಸ್ವಲ್ಪ ತಡವರಿಸುತ್ತದೆ ಎಂದು ನನಗೇ ಅನಿಸತೊಡಗಿತು. ಅದೇ ಹೊತ್ತಿಗೆ ಪೇಟೆಯ ಒಬ್ಬ ವರ್ಕ್‌ಶಾಪಿನವನು ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬಿಯೊಂದನ್ನು ತೋರಿಸಿ, ಇದನ್ನು ಸಿಕ್ಕಿಸಿದರೆ ಬಲ ಶೇಕಡಾ 20 ಹೆಚ್ಚುತ್ತದೆ, ಬೇಡವೆನಿಸಿದ ದಿನ ಕಿತ್ತು ಕಿಸೆಯಲ್ಲಿ ಹಾಕಿಕೊಳ್ಳಬಹುದು ಎಂದ. ಕಾಲು ಗಂಟೆಯ ಕೆಲಸ. ಮೊದಲ ಎರಡು ತಿಂಗಳು ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಕುಂಬಳೆಯಿಂದ ಬದಿಯಡ್ಕಕ್ಕೆ ಬರುವಾಗ ಬಸ್ಸುಗಳನ್ನು ಏರಿನಲ್ಲಿಯೇ ಹಿಂದೆ ಹಾಕಿ, ಅರುವತ್ತು ದಾಟಿದವನು ಮೀಸೆಯಲ್ಲಿಯೇ ನಕ್ಕದ್ದುಂಟು.

ಆಮೇಲೆ ಬಂತು ದೊಡ್ಡಣ್ಣನ ಮಗಳ ಮಗನ ಉಪನಯನ. ಏಳು ಮಂದಿ, ಎರಡು ದೊಡ್ಡ ಹಂಡೆ, ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ ಎಲ್ಲವನ್ನೂ ನನ್ನ ಗಾಡಿಗೇ ತುಂಬಿಸಿದರು. ಪಾಣತ್ತೂರು ದಾಟಿ ಕರಿಕೆಯ ಮೂಲಕ ಭಾಗಮಂಡಲಕ್ಕೆ ಏರುವ ರಸ್ತೆಯ ತಿರುವುಗಳು ನಿಮಗೆ ಗೊತ್ತೇ ಇವೆ, ಅಲ್ಲಿ ವೇಗ ಇಪ್ಪತ್ತೈದು ದಾಟುವುದಿಲ್ಲ. ಮುಕ್ಕಾಲು ಗಂಟೆ ಹತ್ತಿದ ಮೇಲೆ ಒಂದು ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಸುತ್ತು ನಿಮಿಷಕ್ಕೆ ಎರಡು ಸಾವಿರದಿಂದ ಮೂರೂವರೆ ಸಾವಿರಕ್ಕೆ ಜಿಗಿಯಿತು, ಗಾಡಿ ಮಾತ್ರ ಇದ್ದಲ್ಲಿಯೇ ಇತ್ತು. ಆಗ ಬಂದ ವಾಸನೆಯನ್ನು ನಾನು ಇವತ್ತಿಗೂ ಮರೆತಿಲ್ಲ: ಹಪ್ಪಳ ಕರಿದ ಎಣ್ಣೆಯನ್ನು ಒಲೆಯ ಮೇಲೆಯೇ ಬಿಟ್ಟು ಮರೆತರೆ ಬರುತ್ತದಲ್ಲ, ಅದಕ್ಕೆ ರಬ್ಬರು ಸುಟ್ಟ ಕಮಟು ಸೇರಿದ ಹಾಗೆ. ಹಿಂದಿನ ಸೀಟಿನಲ್ಲಿ ಅತ್ತಿಗೆ, ಹೋಳಿಗೆ ಕೆಟ್ಟಿತೋ ಏನೋ ಎಂದು ಡಬ್ಬ ಬಿಚ್ಚಿ ನೋಡುತ್ತಿದ್ದರು.

ಗಾಡಿಯನ್ನು ಲಾರಿಯ ಮೇಲೆ ಹೇರಿ ತಂದದ್ದಾಯಿತು. ಗೇರ್‌ಬಾಕ್ಸ್ ಬಿಚ್ಚುವಾಗ ನಾನು ಪಕ್ಕದಲ್ಲಿ ಸ್ಟೂಲು ಹಾಕಿ ಕುಳಿತಿದ್ದೆ. ಆಟೋಮ್ಯಾಟಿಕ್ಕಿನ ಎಣ್ಣೆ, ಎಟಿಎಫ್ ಎನ್ನುತ್ತಾರಲ್ಲ, ಹೊಸದಿದ್ದಾಗ ಪುನರ್ಪುಳಿ ಶರಬತ್ತಿನ ಬಣ್ಣದ್ದು. ನನ್ನ ಗಾಡಿಯಿಂದ ತಟ್ಟೆಗೆ ಇಳಿದದ್ದು ಬತ್ತಿಸಿದ ಕಷಾಯ. ಕೆಳಗಿನ ಪಾತ್ರೆಯೊಳಗಿನ ಅಯಸ್ಕಾಂತದ ತುಂಡಿನ ಮೇಲೆ ಕಬ್ಬಿಣದ ಹುಡಿ ಕಾಡಿಗೆಯಂತೆ ದಪ್ಪಗೆ ಅಂಟಿತ್ತು. ಎಂಜಿನ್ನಿನ ಬಲವನ್ನು ಚಕ್ರದ ಕಡೆಗೆ ದಾಟಿಸಲು ಆಟೋಮ್ಯಾಟಿಕ್ಕಿನೊಳಗೂ ಇರುವ ಕ್ಲಚ್ ಪ್ಲೇಟುಗಳ ಮೇಲಿನ ಕಂದು ಪದರ ಉಗುರು ತಾಗಿಸಿದರೆ ಸುಲಿದು ಬರುತ್ತಿತ್ತು, ಅವುಗಳ ನಡುವಿನ ಉಕ್ಕಿನ ಬಿಲ್ಲೆಗಳು ಕಾದು ನೀಲಿಗಟ್ಟಿದ್ದವು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಅಳಿಯ, ಇದನ್ನು ಗಮನಿಸು: ಎಂಜಿನ್ ಸಂಪೂರ್ಣ ಸೌಖ್ಯವಾಗಿತ್ತು.

ಹೀಗೇಕೆ ಆಯಿತೆಂದು ಆ ಮೆಕ್ಯಾನಿಕ್ಕನೇ ನನಗೆ ತಿಳಿಸಿದ, ನಾನು ಆಮೇಲೆ ಓದಿಯೂ ನೋಡಿದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಆ ಎಣ್ಣೆಯ ಒತ್ತಡ. ಎಷ್ಟು ಬಿಗಿಯಾಗಿ ಹಿಡಿಯಬೇಕೆಂದು ಗೇರ್‌ಬಾಕ್ಸಿನ ಕಂಪ್ಯೂಟರ್ ತೀರ್ಮಾನಿಸುವುದು, ಎಂಜಿನ್ನಿನ ಕಂಪ್ಯೂಟರ್ ತಾನೀಗ ಇಷ್ಟು ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತಿದ್ದೇನೆ ಎಂದು ತಿಳಿಸುವ ಲೆಕ್ಕದ ಮೇಲೆ. ಈ ಕಪ್ಪು ಡಬ್ಬಿ ಕುಳಿತುಕೊಳ್ಳುವುದು ಡೀಸೆಲಿನ ಒತ್ತಡವನ್ನು ಅಳೆಯುವ ಸೆನ್ಸರಿಗೂ ಎಂಜಿನ್ನಿನ ಕಂಪ್ಯೂಟರಿಗೂ ನಡುವೆ. ಅದು ಒತ್ತಡ ಕಡಿಮೆಯಿದೆ ಎಂದು ಸುಳ್ಳು ಹೇಳುತ್ತದೆ, ಕಂಪ್ಯೂಟರ್ ಅದನ್ನು ನಂಬಿ ಒತ್ತಡ ಏರಿಸುತ್ತದೆ, ಡೀಸೆಲ್ ಹೆಚ್ಚು ಬೀಳುತ್ತದೆ, ಬಲವೂ ಹೆಚ್ಚುತ್ತದೆ. ಆದರೆ ಹೆಚ್ಚಾದ ಸಂಗತಿ ಆ ಕಂಪ್ಯೂಟರಿಗೇ ತಿಳಿಯದ ಕಾರಣ ಅದು ಗೇರ್‌ಬಾಕ್ಸಿಗೆ ಹಳೆಯ ಲೆಕ್ಕವನ್ನೇ ಒಪ್ಪಿಸುತ್ತಿರುತ್ತದೆ. ಹೊರುವವನಿಗೆ ಐವತ್ತು ಕಿಲೋದ ಮೂಟೆ ಎಂದು ಹೇಳಿ ಅರುವತ್ತು ಕಿಲೋದ್ದನ್ನು ಬೆನ್ನಿಗೇರಿಸಿದರೆ ಅವನ ಹಿಡಿತ ಎಲ್ಲಿ ಸಾಕಾಗುತ್ತದೆ? ಪ್ಲೇಟು ಕೂದಲೆಳೆಯಷ್ಟು ಜಾರುತ್ತದೆ, ಜಾರಿದಲ್ಲಿ ಬಿಸಿ ಹುಟ್ಟುತ್ತದೆ, ಬಿಸಿಗೆ ಎಣ್ಣೆ ಕೆಡುತ್ತದೆ, ಕೆಟ್ಟ ಎಣ್ಣೆಯಲ್ಲಿ ಪ್ಲೇಟು ಇನ್ನಷ್ಟು ಜಾರುತ್ತದೆ. ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ 10 ಡಿಗ್ರಿಗೆ ಎಣ್ಣೆಯ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಈ ಕೆಲಸದವರ ಸ್ಥೂಲ ಲೆಕ್ಕ.

ಆದ್ದರಿಂದ ಹೇಳುತ್ತೇನೆ, ಅಳಿಯ: ಗೇರ್‌ಬಾಕ್ಸಿಗೆ ತಿಳಿಸದೆ ಎಂಜಿನ್ನಿಗೆ ಬಲ ಏರಿಸಬೇಡ.

ನಿನ್ನ ಗಾಡಿಯ ವಿಷಯವನ್ನೇ ತೆಗೆದುಕೋ. ಹೈಲಕ್ಸಿನ 2.8 ಲೀಟರಿನ ಎಂಜಿನ್ ಒಂದೇ, 204 ಅಶ್ವಶಕ್ತಿಯೂ ಒಂದೇ. ಹಾಗಿದ್ದೂ ಮ್ಯಾನ್ಯುಯಲ್ ಗಾಡಿಗೆ 420 ನ್ಯೂಟನ್ ಮೀಟರ್ ಟಾರ್ಕ್, ಆಟೋಮ್ಯಾಟಿಕ್ಕಿಗೆ 500. ಎಂಜಿನ್ ಕಟ್ಟಿದವರೇ ಎದುರಿಗಿರುವ ಗೇರ್‌ಬಾಕ್ಸನ್ನು ನೋಡಿ ಬಡಿಸಿದ್ದಾರೆ. ಆ 500 ಸಿಗುವುದೂ 1600ರಿಂದ 2800 ಸುತ್ತುಗಳ ನಡುವೆ, ಅಂದರೆ ಭಾರ ಹೇರಿ ನಿಧಾನವಾಗಿ ಏರು ಹತ್ತುವಾಗ ಎಂಜಿನ್ ತಿರುಗುವ ಜಾಗದಲ್ಲಿಯೇ. ಅದರ ಮೇಲೆ ಶೇಕಡಾ 20 ಸೇರಿಸಿದರೆ 600 ಆಯಿತು. ಜೊತೆಗೆ ನಿಂತಲ್ಲಿಂದ ಹೊರಡುವಾಗ, ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಬಂದ ಬಲವನ್ನು ಸುಮಾರು ಇಮ್ಮಡಿಯವರೆಗೂ ಹೆಚ್ಚಿಸಿ ಒಳಗೆ ಕಳುಹಿಸುತ್ತದೆ. ನೀನು ಗಲ್ಫಿನ ಸಪಾಟು ರಸ್ತೆಯಲ್ಲಿ ಓಡಿಸಿ ಅಭ್ಯಾಸವಾದವನು, ನಮ್ಮ ಗುಡ್ಡೆ ತೋಟಗಳ ದಾರಿ ಬೇರೆ.

ಈಗ ಖರ್ಚಿನ ಮಾತು ಬಂದೇ ಬರುತ್ತದೆ. ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿಸಿ, ಟಾರ್ಕ್ ಕನ್ವರ್ಟರ್ ಬದಲಾಯಿಸುವಾಗ 1,80,000 ರೂಪಾಯಿ ಬಿದ್ದಿತು. ಹಂಡೆ ದೊಡ್ಡಣ್ಣನದು, ಅಕ್ಕಿ ದೊಡ್ಡಣ್ಣನದು, ಉಪನಯನ ದೊಡ್ಡಣ್ಣನ ಮೊಮ್ಮಗನದು. ಬಿಲ್ಲು ಮಾತ್ರ ನನ್ನದು. ಆ ಬಾಬ್ತು ಒಂದು ರೂಪಾಯಿಯೂ ಇಂದಿನವರೆಗೆ ಈ ಕಡೆಗೆ ಬಂದಿಲ್ಲ. ದೊಡ್ಡಣ್ಣನೂ ಈ ಗುಂಪಿನಲ್ಲಿ ಇದ್ದಾನೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಅದರ ಬದಲು, ಮಾಷ್ಟ್ರಿಗೆ ಗಾಡಿ ಬಿಡಲು ಬರುವುದಿಲ್ಲ ಎಂಬ ಮಾತು ಮೇಲಿನ ಮನೆಯ ಜಗಲಿಯಿಂದ ಪುತ್ತೂರಿನ ಅಡಿಕೆ ಮಂಡಿಯವರೆಗೆ ಹೋಯಿತು. ಅದೇ ಗಾಡಿಯಲ್ಲಿ ಈ ಕುಟುಂಬದ ಮೂರು ಮದುವೆಗಳ ಚಪ್ಪರದ ಸಾಮಾನು ಬಂದಿದೆ, ಭಾವನವರನ್ನು ರಾತ್ರಿ ಎರಡು ಗಂಟೆಗೆ ಮಂಗಳೂರಿನ ಆಸ್ಪತ್ರೆಗೆ ಮುಟ್ಟಿಸಿದ್ದೂ ಅದರಲ್ಲಿಯೇ.

ಸರ್ವಿಸ್ ಸೆಂಟರಿನವರಾದರೂ ಮೊದಲೇ ಎಚ್ಚರಿಸಬಹುದಿತ್ತು. ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸಬೇಕೇ ಎಂದು ನಾನಾಗಿಯೇ ಕೇಳಿದ್ದಕ್ಕೆ, ಅದು ಲೈಫ್‌ಟೈಮ್ ಎಣ್ಣೆ, ಮುಟ್ಟುವುದೇ ಬೇಡ ಎಂದು ಕೌಂಟರಿನ ಹುಡುಗ ಮಲಯಾಳದಲ್ಲಿ ಹೇಳಿ, ಇಂಗ್ಲಿಷಿನ ಕಾಗದಕ್ಕೆ ಸಹಿ ಹಾಕಿಸಿಕೊಂಡ. ಗಾಡಿ ಕೆಟ್ಟ ಮೇಲೆ, ಹೆಚ್ಚು ಭಾರ ಹೇರುವವರು ಬೇಗ ಬದಲಾಯಿಸಬೇಕೆಂಬ ಸಾಲನ್ನು ಅದೇ ಕಾಗದದ ಹಿಂಬದಿಯಲ್ಲಿ ಬೆರಳಿಟ್ಟು ತೋರಿಸಿದರು. ಮೂವತ್ತಮೂರು ವರ್ಷ ಈ ಗಡಿಯ ಮಕ್ಕಳಿಗೆ, ಓದದೆ ಸಹಿ ಹಾಕಬೇಡಿ ಎಂದು ಕನ್ನಡದಲ್ಲಿ ಕಲಿಸಿದವನು ನಾನು.

ಇರಲಿ, ಎಲ್ಲಿದ್ದೆ? ಹಾಂ, ಗೇರ್‌ಬಾಕ್ಸಿಗೆ ತಿಳಿಸದೆ ಎಂಜಿನ್ನಿಗೆ ಬಲ ಏರಿಸಬೇಡ, ಅಳಿಯ. ಎರಡನೆಯ ಸಲ ಹೇಳುತ್ತಿದ್ದೇನೆ.

ತಂಗಿ ಕೇಳಿದ್ದು ಏನು ಮಾಡಬೇಕು ಎಂದಲ್ಲವೇ, ಅದನ್ನು ಹೇಳದೆ ಇಷ್ಟು ದೂರ ಬಂದೆ. ಬಲ ಬೇಕೇ ಬೇಕೆಂಬ ಹಟವಿದ್ದರೆ ಡಬ್ಬಿಯ ದಾರಿ ಬಿಟ್ಟು, ಎಂಜಿನ್ನಿನ ಕಂಪ್ಯೂಟರಿನೊಳಗಿನ ಲೆಕ್ಕವನ್ನೇ ತಿದ್ದುವ ರೀಮ್ಯಾಪ್ ಮಾಡುವವರನ್ನು ಹುಡುಕು, ಆದರೆ ಅವರಲ್ಲಿ ಮೊದಲು ಕೇಳಬೇಕಾದದ್ದು ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಹೊಸ ಟಾರ್ಕಿನ ಲೆಕ್ಕ ಮುಟ್ಟುತ್ತದೆಯೇ ಎಂದು. ಅದಕ್ಕೆ ನೇರವಾದ ಉತ್ತರ ಕೊಡದವನ ಅಂಗಡಿಯ ಮೆಟ್ಟಿಲಿಳಿದು ಬಾ. ಕೊಟ್ಟರೂ, 2000 ಸುತ್ತಿನ ಕೆಳಗೆ ಕಂಪೆನಿಯ ಅಂಕಿಯನ್ನು ಮುಟ್ಟದಿರಲಿ, ಮೇಲೆ ಅಲ್ಪಸ್ವಲ್ಪ ಏರಿಸಲಿ. ಪ್ಲೇಟುಗಳಿಗೆ ಇರುವ ಮಿತಿ ಯಾವ ಲೆಕ್ಕ ತಿದ್ದಿದರೂ ಹಿಗ್ಗುವುದಿಲ್ಲ. ವಾರಂಟಿ ಮುಗಿಯುವವರೆಗೆ ಅದನ್ನೂ ಮಾಡಬೇಡವೆಂಬುದು ನನ್ನ ಅಭಿಪ್ರಾಯ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪೆನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆಯನ್ನು ಒಪ್ಪುವುದಿಲ್ಲ, ವಿಮೆಯವರೂ ಅಪಘಾತದ ದಿನ ಅದನ್ನೇ ಹಿಡಿದು ಕೂರುತ್ತಾರೆ.

ಆ ದುಡ್ಡನ್ನು ಗೇರ್‌ಬಾಕ್ಸಿಗೆ ಹಾಕು ಎಂದೇ ನಾನು ಹೇಳುವುದು. ಎಟಿಎಫಿಗೆಂದು ಪ್ರತ್ಯೇಕ ಕೂಲರ್ ಮುಂದಿನ ಜಾಲರಿಯ ಹಿಂದೆ ಕೂರಿಸಬಹುದು. ಅದಕ್ಕೆ ಮೊದಲು ಸರ್ವಿಸ್‌ನವರಲ್ಲಿ ವಾರಂಟಿಯ ಮಾತು ಬಾಯಲ್ಲಲ್ಲ, ಬರಹದಲ್ಲಿ ತೆಗೆದುಕೋ. ಲೈಫ್‌ಟೈಮ್ ಎಂಬ ಮಾತನ್ನು ನಂಬದೆ, ಗೊಬ್ಬರ, ಅಡಿಕೆ ಹೇರುವ ಗಾಡಿಗೆ 40,000 ಕಿಲೋಮೀಟರಿಗೊಮ್ಮೆ ಎಣ್ಣೆ ಇಳಿಸಿ ಹೊಸದು ತುಂಬಿಸು, ಅದೂ ಆ ಗಾಡಿಗೆ ಹೇಳಿರುವ ಟೊಯೊಟಾ ಡಬ್ಲ್ಯೂಎಸ್ ಎಣ್ಣೆಯನ್ನೇ. ಏರಿನಲ್ಲಿ ಗೇರಿನ ಕೋಲನ್ನು ಮ್ಯಾನ್ಯುಯಲ್ ಕಡೆಗೆ ಸರಿಸಿ ಕೆಳಗಿನ ಗೇರಿನಲ್ಲಿ ಹತ್ತು, ಆಗ ಗೇರು ಮೇಲೆ ಕೆಳಗೆ ಓಡಾಡಿ ಬಿಸಿಯಾಗುವುದು ತಪ್ಪುತ್ತದೆ. ಚಡಾವಿನಲ್ಲಿ ನಿಲ್ಲಬೇಕಾದಾಗ ಆಕ್ಸಿಲರೇಟರಿನಲ್ಲಿ ಗಾಡಿಯನ್ನು ತಡೆದು ಹಿಡಿಯದೆ ಬ್ರೇಕು ತುಳಿ. ನೀನು ಹಾಗೆ ಹಿಡಿಯುವುದನ್ನು ಕಳೆದ ಸಲ ನಮ್ಮ ಗೇಟಿನ ಹತ್ತಿರ ನಾನೇ ಕಣ್ಣಾರೆ ಕಂಡಿದ್ದೇನೆ.

ಎಲ್ಲಕ್ಕಿಂತ ಮೊದಲು ಆ ಎಣ್ಣೆಯ ಉಷ್ಣತೆ ಕಣ್ಣಿಗೆ ಕಾಣುವಂತಿರಬೇಕು. ಗಾಡಿಯ ಕಂಪ್ಯೂಟರಿನ ಮಾಹಿತಿ ಓದಲೆಂದು ಸ್ಟಿಯರಿಂಗಿನ ಕೆಳಗಿರುವ ಓಬಿಡಿ ಕಿಂಡಿಗೆ ಸಿಕ್ಕಿಸುವ ಸಣ್ಣ ಸಾಧನವಿದೆ, ಫೋನಿನಲ್ಲಿ ಅಂಕಿ ಬರುತ್ತದೆ. 80ರಿಂದ 95 ಡಿಗ್ರಿಯವರೆಗೆ ಚಿಂತೆಯಿಲ್ಲ. 110 ಕಂಡರೆ ನಾನಂತೂ ನಿಲ್ಲಿಸುತ್ತೇನೆ. ಎಂಜಿನ್ ಆರಿಸುವುದಿಲ್ಲ, ಪಾರ್ಕಿಗೆ ಹಾಕಿ ಹಾಗೆಯೇ ತಿರುಗಲು ಬಿಡುತ್ತೇನೆ, ಎಣ್ಣೆ ಕೂಲರಿನಲ್ಲಿ ಸುತ್ತಿ ತಣಿಯುತ್ತದೆ. ಬಿಳಿ ಗಾಡಿ ಮಾರಿದ ಮೇಲೂ ನನ್ನ ಸಾಧನವನ್ನು ಇಟ್ಟುಕೊಂಡಿದ್ದೇನೆ, ಮೇಜಿನ ಎಡಗಡೆಯ ಡ್ರಾವರಿನಲ್ಲಿ ಹಳೆಯ ಕನ್ನಡಕದ ಪೆಟ್ಟಿಗೆಯೊಳಗಿದೆ. ಆದಿತ್ಯವಾರ ಗೊಬ್ಬರ ಹೇರಿಕೊಂಡೇ ಬಾ, ಗೇಟಿನ ಚಡಾವನ್ನು ಮೂರು ಸಲ ಹತ್ತಿಸಿ ಅಂಕಿ ನೋಡೋಣ. ಡಬ್ಬಿಗೆ ಮುಂಗಡ ಕೊಟ್ಟಿದ್ದರೆ ಅದಕ್ಕಿಂತ ಮೊದಲೇ ಫೋನ್ ಮಾಡು.