ಇದ್ದಿಲೊಳಗಿನ ಆಕ್ಸಿಜನ್: ಕಾಂತಗುಣ ಅಳೆದೋರು ಯಾರಾದ್ರೂ ಇದೀರಾ?

ದಾವಣಗೆರೆ_ಪಿಜಿ: ಎಮ್ಮೆಸ್ಸಿ ಪ್ರಾಜೆಕ್ಟು. ತೆಂಗಿನ ಚಿಪ್ಪಿನ ಇದ್ದಿಲ ರಂಧ್ರದೊಳಗೆ ಕೂತ ಆಕ್ಸಿಜನ್ ಪ್ಯಾರಾಮ್ಯಾಗ್ನೆಟಿಕ್ (ಅಂದ್ರೆ ಕಾಂತ ಎಳೆಯೋ ಥರ) ಆಗೇ ಉಳಿಯುತ್ತಾ ನೋಡ್ಬೇಕು. ಟ್ಯೂಬಲ್ಲಿ ತುಂಬಿದ ಪುಡೀನ ಕಾಂತ ಎಷ್ಟು ಎಳೀತದೆ ಅಂತ ತೂಗೋ ಹಳೇ ಗೌಯ್ ತಕ್ಕಡಿ ಸಾಕಾ, ದುಡ್ಡು ಕೊಟ್ಟು ಬೆಂಗಳೂರಿಗೆ, ಸ್ಯಾಂಪಲ್ ಅಲುಗಾಡಿಸಿ ಕಾಂತಗುಣ ಅಳೆಯೋ ಯಂತ್ರ ವಿಎಸ್‌ಎಂಗೆ ಕಳಿಸ್ಲಾ?

ಇದ್ದಿಲು_ಸುಟ್ಟವ: ಗೌಯ್ ನಂಬಿ ನಂಗೆ ಎಂಟು ತಿಂಗಳು ಹೋಯ್ತು. ಇದ್ದಿಲು ಡಯಾಮ್ಯಾಗ್ನೆಟಿಕ್, ಕಾಂತದಿಂದ ದೂರ ಸರೀಬೇಕು ತಾನೆ, ನಂದು ಆಕ್ಸಿಜನ್ ಬಿಡೋಕೆ ಮುಂಚೆನೇ ಒಳಕ್ಕೆ ಎಳೀತಿತ್ತು! ಚಿಪ್ಪು ಪುಡಿ ಮಾಡ್ಸಿದ್ದು ಖಾರದಪುಡಿ ಗಿರಣೀಲಿ, ಕವರ್ ಸುತ್ತಿದ ಮ್ಯಾಗ್ನೆಟ್ ಆಡಿಸಿದ್ರೆ ಮೀಸೆ ಥರ ಕಬ್ಬಿಣದ ಎಳೆ ಎದ್ದು ನಿಂತ್ವು. ಆಸಿಡ್ಡಲ್ಲಿ ಮೂರು ಸಲ ಕುದಿಸಿ ತೊಳೆದು, ರಾತ್ರಿಯಿಡೀ 200 ಡಿಗ್ರೀಲಿ ವ್ಯಾಕ್ಯೂಮ್ ಹಾಕಿದ್ರೆ ಕರೆಂಟ್ ಹೋಗಿ ಪಂಪಿನ ಎಣ್ಣೆ ಹಿಂದಕ್ಕೆ ನುಗ್ಗಿ ಸ್ಯಾಂಪಲ್ಲೆಲ್ಲಾ ಜಿಡ್ಡು. 11,400 ರೂಪಾಯಿ, ಕೈಯಿಂದ. ಸುಮ್ನೆ ಅಂಟಿದ ಆಕ್ಸಿಜನ್ ಪ್ಯಾರಾನೇ, ಇದ್ದಿಲ ಜೊತೆ ಬೆಸೆದು ಆಕ್ಸೈಡ್ ಆಗಿದ್ದು ಆ ಗುಣ ಕಳ್ಕೊಂಡಿತ್ತು, ಅಷ್ಟು ತಿಳಿಯೋಕೆ ಇಷ್ಟು.

ದುರ್ಗದ_ಹೈದ: ತೊಳೆದ್ರೂ ಕಬ್ಬಿಣ ಪೂರ್ತಿ ಹೋಗಲ್ಲ. ಹೋಂಡಾ-ಓವೆನ್ ಗ್ರಾಫ್ ಹಾಕ್ರಿ, ಬೇರೆ ಬೇರೆ ಕಾಂತ ಫೀಲ್ಡಲ್ಲಿ ಅಳೆದು ಫೀಲ್ಡಿನ ವಿಲೋಮ ಸೊನ್ನೆ ಆಗೋವರೆಗೂ ಗೆರೆ ಎಳೆದ್ರೆ ಕಬ್ಬಿಣದ ಪಾಲು ಕಳಚುತ್ತೆ. ನಾನು ಹಂಗೇ ಮಾಡಿ ಪಾಸಾದೆ. ನಮ್ಮ ದೇಶದ ವಿಜ್ಞಾನಿಗಳು ಭಟ್ನಾಗರ್-ಮಾಥುರ್ 1928ರಲ್ಲೇ ಕಾಂತಗುಣ ಅಳೆಯೋ ತಕ್ಕಡಿ ಕಟ್ಟಿದ್ರು, ನಿಮಗೇನು ಧಾಡಿ?

ಇದ್ದಿಲು_ಸುಟ್ಟವ: ನಮ್ದು ಫೀಲ್ಡ್ ಬದಲಾಗದ ಪರ್ಮನೆಂಟ್ ಮ್ಯಾಗ್ನೆಟ್ಟು ಸ್ವಾಮಿ, ಬೇರೆ ಬೇರೆ ಫೀಲ್ಡ್ ನಿಮ್ಮ ಕೋಟೆ ಮೇಲಿಂದ ತರ್ಲಾ?

ನೀಲಿ_ಮಣಿ: ಜಗಳ ಬಿಡ್ರಪ್ಪ. ನಾನು ನೈಟ್ರಿಕ್ ಆಕ್ಸೈಡ್ ಅನಿಲ ಹೀರಿಸೋಕೆ ಸಿಲಿಕಾ ಜೆಲ್ ತಗೊಂಡಿದ್ದೆ, ಚಂದ ಐತೆ ಅಂತ ನೀಲಿದು. ಆ ನೀಲಿ ಕೋಬಾಲ್ಟ್ ಕ್ಲೋರೈಡು! ನಾಲ್ಕು ವಾರ ಕೋಬಾಲ್ಟನ್ನೇ ಅಳೆದೆ, ಗೈಡ್ ನಕ್ಕಿದ್ದು ಇನ್ನೂ ಕಿವೀಲೈತೆ. ಆಮೇಲೆ ಬಿಳಿ ಜೆಲ್ಲು, ಹೋರಿ ವೀರ್ಯದ ಕಡ್ಡಿ ಇಡೋ ಜಾಡಿಯಿಂದ ಕಾಡಿ ಬೇಡಿ ಎರಡು ಲೀಟರ್ ದ್ರವ ನೈಟ್ರೋಜನ್, ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬರೋಷ್ಟರಲ್ಲಿ ಅರ್ಧ ಆವಿ. ಆದ್ರೂ ನೈಟ್ರಿಕ್ ಆಕ್ಸೈಡ್ ತಣ್ಣಗಾದಂಗೆ ಜೋಡಿ ಕಟ್ಟಿ ಕಾಂತಗುಣ ಕಳ್ಕೊಂಡಿದ್ದು ಸಿಕ್ತು.

ಮಿರ್ಚಿ_ಮಂಡಕ್ಕಿ: ಇದನ್ನ ಓದಿ ಯಾರೂ ಇದ್ದಿಲು-ಆಕ್ಸಿಜನ್ನ ದ್ರವ ನೈಟ್ರೋಜನ್ನಿನ 77 ಕೆಲ್ವಿನ್‌ಗೆ ಇಳಿಸ್ಬೇಡಿ ಪುಣ್ಯಾತ್ಮರೇ! ಆಕ್ಸಿಜನ್ 90ಕ್ಕೇ ದ್ರವ ಆಗುತ್ತೆ, ಅದನ್ನ ಹೀರಿದ ಇದ್ದಿಲು ಒಂದು ಕಾಲದಲ್ಲಿ ಗಣಿಗೆ ಸಿಡಿಮದ್ದು.

ದುರ್ಗದ_ಹೈದ: ಮಿಲಿಗ್ರಾಂ ಸ್ಯಾಂಪಲ್ಲಿಗೆ ಇಷ್ಟು ಹೆದರ್ಸೋದಾ?

ಮಿರ್ಚಿ_ಮಂಡಕ್ಕಿ: ಮಿಲಿಗ್ರಾಂ ವಿಎಸ್‌ಎಂಗೆ. ಗೌಯ್ ಟ್ಯೂಬು ತುಂಬಿದೀರೋ, ಬರೀ ಗ್ರಾಫೋ?

ದಾವಣಗೆರೆ_ಪಿಜಿ: ಅಣ್ಣಾ... ಗೌಯ್ಯೋ ವಿಎಸ್‌ಎಂಮೋ?

ಇದ್ದಿಲು_ಸುಟ್ಟವ: ಮೊದ್ಲು ಗಿರಣಿಗೆ ಹೋಗ್ಬೇಡ. ಅಗೇಟ್ ಕಲ್ಲಿನ ಒರಳು ನನ್ನತ್ರ ಐತೆ, ವಾಪಸ್ ಕೊಡೋದಾದ್ರೆ ಬಾ.